ಐದನೇ ಸೀಟಿ ಬಿದ್ದ ಬೀದಿ

ಹೋದ ತಿಂಗಳು ನಮ್ಮ ಷಡ್ಡಕನ ಮಗ ಆವತಿ ಹತ್ತಿರ ಸೈಟು ತಗೊಂಡು ಮನೆ ಶುರು ಮಾಡಿದ. "ಒಂದ್ಸಲ ಬಂದು ನೋಡಿ ದೊಡ್ಡಪ್ಪ" ಅಂತ ಬೈಕಿನ ಹಿಂದೆ ಕೂರಿಸ್ಕೊಂಡು ಹೋದ. ಲೇಔಟಿಗೊಂದು ಕಮಾನು, ಕಮಾನಿಗೊಂದು ಇಂಗ್ಲಿಷ್ ಹೆಸರು, ಒಳಗೆ ನುಣ್ಣನೆ ಸಿಮೆಂಟ್ ರಸ್ತೆ. ಎಲ್ಲಾ ಸರಿ. ಆದ್ರೆ ಬೈಕಿಂದ ಇಳಿದು ತಲೆ ಎತ್ತಿ ನೋಡ್ತೀನಿ, ಎದುರಿಗೆ ಆವತಿ ಬೆಟ್ಟ, ನನಗೆ ಚೆನ್ನಾಗಿ ಗೊತ್ತಿರೋ ಮಗ್ಗುಲಿಂದ. ಹಿಂದಿನ ಸಂಜೆ ಮಳೆ ಬಂದಿತ್ತು. ಜೆಸಿಬಿಯೋನು ನೀರಿನ ಸಂಪಿಗೆ ಗುಂಡಿ ತೋಡ್ತಿದ್ದ. ಬಕೆಟ್ಟು ಮೇಲೆ ಬಂದಾಗಲೆಲ್ಲ ಹಸಿ ಗರಸಿನ ವಾಸನೆ, ಅದರ ಜೊತೆ ಬೇಲಿ ಆಚೆ ಉಳ್ಕೊಂಡಿದ್ದ ನಾಲ್ಕು ನೀಲಗಿರಿ ಮರದ ವಾಸನೆ.

"ಲೇ ಅಪ್ಪಾ, ಮಣ್ಣು ಗುಂಡಿ ಅಂಚಿಗೇ ಸುರೀಬೇಡ್ವೋ, ದೂರ ಹಾಕು!" ಅಂತ ಕೂಗಿಬಿಟ್ಟೆ.

ಅವನು ಇಂಜಿನ್ ಸದ್ದು ತಗ್ಗಿಸಿ, "ಯಾಕ್ ಯಜಮಾನ್ರೇ, ನೀವೇನ್ ಇಂಜಿನಿಯರ್ರಾ?" ಅಂದ.

"ಇಂಜಿನಿಯರ್ ಅಲ್ಲ ಕಣಪ್ಪ. ಈ ತಪ್ಪು ಒಂದ್ಸಲ ಮಾಡಿದೋನು."

ಷಡ್ಡಕನ ಮಗ ನಕ್ಕ. ಅವನಿಗೇನು ಗೊತ್ತು, ಪಾಪ. ಅವನು ಅಡುಗೆಮನೆ ಎಲ್ಲಿ ಬರುತ್ತೆ, ದೇವರಮನೆ ಎಲ್ಲಿ ಬರುತ್ತೆ ಅಂತ ಕೈ ತೋರಿಸ್ತಿದ್ದ ಜಾಗದಲ್ಲಿ ಆ ವರ್ಷ ನಮ್ಮ ಟೆಂಟುಗಳಿದ್ದವು.

ಆಗ ಇದೆಲ್ಲ ಗೋಮಾಳ. ವಿಮಾನ ನಿಲ್ದಾಣ ಇರಲಿಲ್ಲ, ಈ ಅಗಲದ ರೋಡೂ ಇರಲಿಲ್ಲ. ನೀಲಗಿರಿ ತೋಪು, ಕುರಿ, ಗರಸು ನೆಲ, ಅಷ್ಟೇ. ಉತ್ತರದ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ನಮ್ಮ ಪದಾತಿ ಪಡೆಯ ಬೆಟಾಲಿಯನ್ನಿಗೆ ಹೊರಡೋ ಆರ್ಡರ್ ಬಂದಿತ್ತು, ಆದ್ರೆ ರೈಲು ಸಿಗೋವರೆಗೂ ಐದಾರು ವಾರ ಇಲ್ಲಿ ಕ್ಯಾಂಪು ಹಾಕಿ ಮೈ ಗಟ್ಟಿ ಮಾಡ್ಕೊಳ್ಳಿ ಅಂದ್ರು. ನನಗೆ ಇಪ್ಪತ್ತೊಂದು ವಯಸ್ಸು, ಸೇರಿ ಎರಡು ವರ್ಷ ಆಗಿತ್ತು. ದೇಶದಲ್ಲಿ ಇಷ್ಟೊಂದು ಜಾಗ ಇರುವಾಗ ನಮ್ಮನ್ನ ತಂದು ಇಳಿಸಿದ್ದು ನನ್ನ ಅಕ್ಕನ ಮನೆಯಿಂದ ಹತ್ತಿರ ಹತ್ತಿರ ಇಪ್ಪತ್ತೆರಡು ಕಿಲೋಮೀಟರ್ ದೂರಕ್ಕೆ. ಲಾರಿಯಿಂದ ಇಳಿದು ಬೆಟ್ಟ ನೋಡಿದಾಗ ಖುಷಿಯೂ ಆಯ್ತು, ಭಯವೂ ಆಯ್ತು.

ಯಾಕೆ ಅಂತ ಹೇಳ್ಬೇಕು. ನನಗೆ ಒಂಬತ್ತು ತುಂಬೋ ಹೊತ್ತಿಗೆ, ಹಳ್ಳಿಯಲ್ಲಿ ಬೇಸಾಯ ಮಾಡ್ಕೊಂಡಿದ್ದ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಅಕ್ಕ ನಾರಾಯಣಮ್ಮ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಮದುವೆಯಾಗಿ ಹೋಗುವಾಗ ನನ್ನನ್ನೂ ಕೈ ಹಿಡಿದು ಕರ್ಕೊಂಡೇ ಹೋದಳು. ಭಾವ ಕೆಂಪಣ್ಣನ ಮನೆಯೋರು ರಾಜಘಟ್ಟದ ಕಡೆ ಹೊಲ ಇಟ್ಕೊಂಡು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಪವರ್‌ಲೂಮ್ ಹಾಕಿದ್ರು. ಅಕ್ಕನೇ ನನಗೆ ಮಗ್ಗ ಕಲಿಸಿದ್ದು. ಹದಿನೆಂಟಾದಾಗ ಒಂದು ಮಗ್ಗ ನನ್ನ ಪಾಲಿಗೇ ಬಿಟ್ಟಿದ್ದಳು. ಆದ್ರೆ ನನಗೆ ಮಿಲ್ಟ್ರಿ ಹುಚ್ಚು. ಹೇಳಿದ್ರೆ ಬಿಡಲ್ಲ ಅಂತ ಗೊತ್ತಿತ್ತು. ಒಂದು ಬೆಳಿಗ್ಗೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಂಗೇ ಬಿಟ್ಟು, "ನೂಲು ತರಕ್ಕೆ ಬೆಂಗಳೂರಿಗೆ ಹೋಗ್ತೀನಿ" ಅಂತ ಸುಳ್ಳು ಹೇಳಿ ಮಿಲ್ಟ್ರಿಗೆ ಆಳು ತಗೊಳ್ಳೋ ಭರ್ತಿಗೆ ಹೋದೆ. ಆಯ್ಕೆ ಆಗ್ಬಿಟ್ಟೆ. ಅಕ್ಕನಿಗೆ ವಿಷಯ ಗೊತ್ತಾಗಿದ್ದು ಎದುರುಮನೆಯೋರ ಬಾಯಿಂದ.

ಟ್ರೈನಿಂಗ್ ಮುಗಿಸಿ ಮೊದಲನೇ ರಜೆಗೆ ಬಂದಾಗ ನಾನು ಯೂನಿಫಾರಂ ಇಸ್ತ್ರಿ ಮಾಡಿಸ್ಕೊಂಡು ಠೀವಿಯಿಂದ ಬಾಗಿಲಲ್ಲಿ ನಿಂತೆ. ಅಕ್ಕ ನನ್ನ ಕಡೆ ನೋಡ್ಲೂ ಇಲ್ಲ. ಒಳಗಿದ್ದ ಭಾವನಿಗೆ ಕೇಳಿಸೋ ಹಂಗೆ ಅಂದಳು: "ನೂಲು ತರಕ್ಕೆ ಹೋದೋನು ಇನ್ನೂ ಬಂದಿಲ್ಲ. ಇವ್ರ್ಯಾರೋ ಮಿಲ್ಟ್ರಿಯೋರು ಬಂದವ್ರೆ. ಊಟಕ್ಕಿಕ್ಕು ಅಂದ್ರೆ ಇಕ್ತೀನಿ."

ಇಕ್ಕಿದಳು. ಬಿಸಿ ಮುದ್ದೆ, ಹುರುಳಿ ಸಾರು, ಎಲ್ಲಾ ನನಗೆ ಇಷ್ಟವಾದದ್ದೇ. ಹತ್ತು ದಿನ ಇದ್ದೆ, ಅಕ್ಕ ನನ್ನ ಜೊತೆ ಒಂದು ಮಾತು ಆಡ್ಲಿಲ್ಲ. ನಾನು ಹೊರಟ ದಿನ "ಹೋಗ್ಬರ್ತೀನಿ ಅಕ್ಕ" ಅಂದೆ. ನಮ್ಮಲ್ಲಿ ಬಾಗಿಲು ದಾಟೋರಿಗೆ "ಹೋಗ್ಬಾ" ಅಂತ ಒಳಗಿನೋರು ಹೇಳ್ಬೇಕು, ಭಿಕ್ಷೆಗೆ ಬಂದೋರಿಗೂ "ಮುಂದಕ್ಕೆ ಹೋಗಪ್ಪ" ಅಂತ ಒಂದು ಮಾತು ಇರುತ್ತೆ. ಅಕ್ಕ ಮಗ್ಗದ ಸ್ವಿಚ್ಚು ಹಾಕಿದಳು. ಆ ಸದ್ದಿನಲ್ಲಿ ಹೊರಟುಬಂದೆ. ಆಮೇಲೆ ನಾಲ್ಕು ಕಾಗದ ಬರೆದೆ, ಒಂದಕ್ಕೂ ಉತ್ತರ ಇಲ್ಲ.

ಕ್ಯಾಂಪಿನ ಮೂರನೇ ದಿನ ಕ್ಲರ್ಕು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಫಾರಂ ತುಂಬಿಸಿದ. ಹೆಚ್ಚುಕಮ್ಮಿ ಆದ್ರೆ ಸುದ್ದಿ ಯಾರಿಗೆ ಮುಟ್ಟಿಸ್ಬೇಕು ಅನ್ನೋ ಫಾರಂ. ನಾನು "ನಾರಾಯಣಮ್ಮ, ಅಕ್ಕ" ಅಂದೆ. ಬರ್ಕೊಂಡು, "ಮುಂದಿನೋನು" ಅಂದ. ನಾನು ಪಕ್ಕಕ್ಕೆ ಸರಿದು ನಿಂತೆ. ನನ್ನ ಜೊತೆ ಮಾತು ಬಿಟ್ಟಿರೋ ಅಕ್ಕನಿಗೆ ನನ್ನ ಕಡೆಯಿಂದ ಮೊದಲು ಹೋಗೋ ಸುದ್ದಿ ನಾನು ಸತ್ತೆ ಅನ್ನೋ ತಂತಿಯೇ ಆಗ್ಬಿಟ್ರೆ? ಸಾಯೋದಕ್ಕೆ ಹೆದರಿಕೆ ಇರಲಿಲ್ಲ ಅಂತ ಸುಳ್ಳು ಹೇಳಲ್ಲ, ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಇದಾಯ್ತು. ರೈಲು ಹತ್ತೋ ಮುಂಚೆ ಒಂದು ಸಲ, ಒಂದೇ ಸಲ, ಅಕ್ಕನ ಬಾಯಿಂದ ಒಂದು ಮಾತು ಕೇಳ್ಬೇಕು ಅಂತ ಮನಸ್ಸಿನಲ್ಲಿ ಕೂತುಬಿಡ್ತು.

ಆದ್ರೆ ಕ್ಯಾಂಪು ಬಿಟ್ಟು ಹೆಜ್ಜೆ ಇಡೋ ಹಂಗಿರಲಿಲ್ಲ. ರಜೆ ಎಲ್ಲ ರದ್ದು. ಅಕ್ಕಪಕ್ಕದ ಊರಿನೋನು ಅಂತ ನನಗೊಬ್ಬನಿಗೆ ಬಿಟ್ರೆ ಹಾಸನದೋನಿಗೂ ಬಿಡ್ಬೇಕಾಗುತ್ತೆ, ಸರಿಯೇ.

ದಿನಾ ಐದಕ್ಕೆ ಸೀಟಿ. ಗಡ್ಡ ಕೆರೆದಿಲ್ಲ ಅಂದ್ರೆ ಚಾ ಇಲ್ಲ. ಬೂಟು ಬಂದೂಕು ಸಮೇತ ಆವತಿ ಬೆಟ್ಟದ ಬುಡಕ್ಕೆ ಓಟ, ವಾಪಸ್ಸು ಓಟ. ಆಮೇಲೆ ಪೂರಿ, ಆಲೂಗಡ್ಡೆ ಪಲ್ಯ. ಫೈರಿಂಗ್, ಗೋಣಿಚೀಲದಲ್ಲಿ ಹುಲ್ಲು ತುಂಬಿ ಅದಕ್ಕೆ ಕಿರುಚಿಕೊಂಡು ಬಂದೂಕಿನ ತುದಿಯ ಸಂಗೀನು ಚುಚ್ಚೋದು, ಗಾಯಾಳುನ ಬೆನ್ನಮೇಲೆ ಹೊತ್ತು ಓಡೋದು. ಕುರಿ ಮೇಯಿಸೋರು ದೂರದಲ್ಲಿ ಕೂತು ನೋಡಿ ನಗೋರು. ಪಕ್ಕದ ತೋಟದ ಯಜಮಾನ್ರು ಪಂಪ್‌ಸೆಟ್ ಬಿಟ್ಟು "ಬರ್ರಪ್ಪಾ, ಮೈ ತೊಳ್ಕೊಳ್ಳಿ" ಅಂತ ಕರೆಯೋರು. ಒಂದ್ಸಲ ಅಷ್ಟು ದೊಡ್ಡ ಹಲಸಿನಹಣ್ಣು ಹೊತ್ತು ತಂದು ಕೊಟ್ರು. ಪಂಜಾಬಿನ ಮೇಜರ್ ಸಾಹೇಬ್ರು ಕೈಗೆ ಎಣ್ಣೆ ಸವರದೆ ಹಣ್ಣು ಬಿಡಿಸಕ್ಕೆ ಹೋಗಿ, ಆಮೇಲೆ ಎರಡು ದಿನ ಅವರು ಮುಟ್ಟಿದ ಕಾಗದವೆಲ್ಲ ಅವರ ಕೈಗೇ ಅಂಟ್ಕೊಳ್ತಿತ್ತು. ನಾವು ನಗು ತಡೆಯೋದೇ ಒಂದು ಡ್ರಿಲ್ಲು ಆಗೋಗಿತ್ತು.

ನಮ್ಮ ಪ್ಲಟೂನು ಮೂವತ್ತೈದು ಜನ. ಅದಕ್ಕೆ ಯಜಮಾನ ಸುಬೇದಾರ್ ಮಾರಿಮುತ್ತು, ಹೊಸೂರು ಕಡೆಯೋರು, ಹಿಂದೆ ಒಂದು ಯುದ್ಧ ಕಂಡಿದ್ದೋರು. ಎಲ್ಲರಂತೆ ನಾನೂ ಸಾಬ್ ಅಂತಲೇ ಕರೀತಿದ್ದೆ. ಮಾತು ಅರ್ಧ ತಮಿಳು, ಅರ್ಧ ಕನ್ನಡ, ಬೈಗುಳ ಪೂರ್ತಿ ಹಿಂದಿ. ಸಂಜೆಯಾದ್ರೆ ಎಲ್ಲರನ್ನೂ ಬೂಟು ಬಿಚ್ಚಿ ಕೂರಿಸಿ, ಒಬ್ಬೊಬ್ಬನ ಪಾದ ಕೈಯಲ್ಲಿ ಹಿಡಿದು ಬೆರಳ ಸಂದು ಬಿಡಿಸಿ ನೋಡೋರು. ಬೊಬ್ಬೆ ಬಂದಿದ್ರೆ ತಾವೇ ಔಷಧಿ ಹಚ್ಚೋರು, ಹಚ್ತಾ ಹಚ್ತಾ ಬೈಯೋರು. ಅಪ್ಪನ ವಯಸ್ಸಿನೋರು ಕಾಲು ಮುಟ್ಟುವಾಗ ನಾನು ಮೊದಮೊದಲು ಹಿಂದಕ್ಕೆ ಎಳ್ಕೊತಿದ್ದೆ. "ಡೇ, ಇದು ನಿನ್ ಕಾಲಲ್ಲ, ಸರ್ಕಾರದ್ ಕಾಲು, ಕೊಡು" ಅನ್ನೋರು.

ನನ್ನ ಜೋಡಿ ಓಬುಳೇಸು, ಮಡಕಶಿರಾ ಕಡೆಯ ರೈತರ ಮಗ. ಪದಾತಿಯಲ್ಲಿ ಇಬ್ಬಿಬ್ಬರು ಜೋಡಿ, ಊಟ ನಿದ್ದೆ ಪಹರೆ ಎಲ್ಲ ಒಟ್ಟಿಗೇ. ಅವನಿಗೆ ಯುದ್ಧಕ್ಕೆ ಹೋಗೋ ಆಸೆ ಎಷ್ಟಿತ್ತು ಅಂದ್ರೆ ರೈಲು ಯಾವತ್ತು ಅಂತ ದಿನಾ ಅಡುಗೆಭಟ್ಟರನ್ನೂ ಕೇಳ್ತಿದ್ದ.

ನಾಲ್ಕನೇ ವಾರ ಮೋರ್ಚಾ ತೋಡೋ ಪೈಪೋಟಿ ಇಟ್ರು. ಮೋರ್ಚಾ ಅಂದ್ರೆ ಇಬ್ಬರು ಎದೆಮಟ್ಟ ನಿಂತು ಗುಂಡು ಹಾರಿಸೋ ಗುಂಡಿ. ಯಾವ ಜೋಡಿ ಮೊದಲು ತೋಡಿ ಮುಗಿಸುತ್ತೋ ಅವರಿಗೆ ಭಾನುವಾರ ಅರ್ಧ ದಿನ ಹೊರಗೆ ಹೋಗೋ ಪಾಸು. ಅದನ್ನ ಕೇಳಿದ್ದೇ ನನ್ನ ಕಿವಿ ನೆಟ್ಟಗಾಯ್ತು.

"ಓಬುಳೇಸು, ಇದು ನಮ್ಮದೇ ಕಣೋ" ಅಂದೆ.

"ಎಟ್ಲಾ ರಾಜೂ? ನೆಲ ನೋಡು, ಹಾರೆ ಹಾಕಿದ್ರೆ ಕಿಡಿ ಹಾರುತ್ತೆ" ಅಂದ.

ನಾನು ಎರಡು ದಿನದಿಂದ ನೆಲ ನೋಡಿಟ್ಕೊಂಡಿದ್ದೆ. ನಮಗೆ ಗೆರೆ ಹಾಕಿ ಕೊಟ್ಟಿದ್ದ ಸಾಲಿನ ಕೊನೆಯಲ್ಲಿ ಹಳೇ ನೀರಿನ ಕುಂಟೆಯೊಂದು ಹೂಳು ತುಂಬಿ ಮುಚ್ಚಿಹೋಗಿತ್ತು. ಅಲ್ಲಿ ಹುಲ್ಲು ಬೇರೆ ಥರ ಬೆಳೆದಿರುತ್ತೆ, ಹಳ್ಳಿಯಲ್ಲಿ ಬೆಳೆದೋನಿಗೆ ಕಣ್ಣಿಗೆ ಹೊಡೆಯುತ್ತೆ. ಕೈಯಲ್ಲಿ ಹಿಡಿದು ಹಿಸುಕಿ ನೋಡಿದೆ, ಬೆಣ್ಣೆಯಂಥ ಗೋಡು ಮಣ್ಣು. ನಮ್ಮ ಕಡೆ ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹಾಕೋ ಮಣ್ಣು. ಓಬುಳೇಸು ಕೂಡ ಹಿಸುಕಿ ನೋಡಿ "ಅಬ್ಬಾ, ಏಂ ಮಣ್ಣು ರಾ!" ಅಂದ. ಇಬ್ಬರೂ ರೈತರ ಮಕ್ಕಳು, ಇಬ್ಬರಿಗೂ ಮಣ್ಣು ಗೊತ್ತು ಅನ್ನೋ ಜಂಬ. ಬೆಳೆಗೆ ಒಳ್ಳೇ ಮಣ್ಣು ಮೋರ್ಚಾಗೆ ಕೆಟ್ಟ ಮಣ್ಣು ಅನ್ನೋದು ಇಬ್ಬರ ತಲೆಗೂ ಹೊಳೀಲಿಲ್ಲ.

ಉಳಿದೋರು ಗರಸಿನಲ್ಲಿ ಪಿಕಾಸಿ ಹಾಕಿ ಅಂಗೈ ಬಿರಿಸ್ಕೊಳ್ತಿದ್ರೆ ನಾವು ಊಟದ ಹೊತ್ತಿಗೆ ಎದೆಮಟ್ಟ ಇಳಿದಿದ್ವಿ. ಅವಸರದಲ್ಲಿ ಎತ್ತಿದ ಮಣ್ಣನ್ನೆಲ್ಲ ಅಂಚಿಗೇ ಗುಡ್ಡೆ ಹಾಕಿದ್ವಿ. ಹವಾಲ್ದಾರ್ ಬಂದು ಆಳ ಅಳೆದು, "ಶಾಬಾಸ್, ಮೊದಲನೇ ನಂಬರ್" ಅಂತ ಬರ್ಕೊಂಡ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಭಾನುವಾರ ಯಾವ ಬಸ್ಸು ಹಿಡೀಬೇಕು, ಅಕ್ಕನ ಮುಂದೆ ಏನಂತ ಶುರು ಮಾಡ್ಬೇಕು ಅಂತ ಮನಸ್ಸಿನಲ್ಲೇ ಹೇಳ್ಕೊಳ್ತಿದ್ದೆ.

ನಾಲ್ಕು ಗಂಟೆಗೆ ಮೋಡ ಕವಿದು ಮಳೆ ಹಿಡೀತು, ದಪ್ಪ ಹನಿ. ಮೋರ್ಚಾದಲ್ಲಿ ಪಹರೆಗಿದ್ದ ಓಬುಳೇಸು ಮಳೆಗೆ ಒಳಗೇ ಕುಕ್ಕರಿಸಿದ್ದ, ನಾನು ಇಬ್ಬರ ಮಗ್ಗೂ ತಗೊಂಡು ಚಾ ತರಕ್ಕೆ ಹೋಗಿದ್ದೆ. ವಾಪಸ್ಸು ಬರ್ತಿರುವಾಗ ನನ್ನ ಕಣ್ಣೆದುರಿಗೇ ಗುಂಡಿಯ ಒಂದು ಮಗ್ಗುಲು, ಮೇಲಿನ ಗುಡ್ಡೆ ಸಮೇತ, ಸದ್ದಿಲ್ಲದೆ ಒಳಕ್ಕೆ ಜಾರ್ತು. ಓಬುಳೇಸು ಕಾಣಲಿಲ್ಲ.

ನಾನು ಕಿರುಚಿದ್ದು ನನಗೆ ನೆನಪಿಲ್ಲ, ಕಿರುಚಿದೆ ಅಂತ ಬೇರೆಯೋರು ಹೇಳಿದ್ರು. ಅಕ್ಕಪಕ್ಕದ ಮೋರ್ಚಾಗಳಿಂದ ಎಲ್ಲರೂ ಓಡಿಬಂದ್ರು. ಸಲಿಕೆ ಹಾಕಿದ್ರೆ ತಲೆಗೆ ತಾಗುತ್ತೆ ಅಂತ ಬರಿಗೈಯಲ್ಲೇ ಬಗೆದ್ವಿ. ಮೊದಲು ಕೂದಲು, ಆಮೇಲೆ ಮುಖ. ಬಾಯಿಂದ ಮಣ್ಣು ತೆಗೆದ ಮೇಲೆ ಅವನು ಆಡಿದ ಮೊದಲನೇ ಮಾತು ನನ್ನ ಮೇಲಿನ ಬೈಗುಳ, ಅಚ್ಚ ತೆಲುಗಿನಲ್ಲಿ. ಅಷ್ಟು ಸಿಹಿಯಾದ ಬೈಗುಳ ನಾನು ಜೀವಮಾನದಲ್ಲಿ ಕೇಳಿಲ್ಲ. ಆದ್ರೆ ಹೆಗಲ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಹೋಗಿ ಪಟ್ಟಿ ಕಟ್ಟಿಸ್ಕೊಂಡು ಬಂದ. ಅವನು ಬೆಟಾಲಿಯನ್ ಜೊತೆ ಬರಲ್ಲ, ಹಿಂದೆ ಸಾಮಾನು ಕಾಯೋರ ಜೊತೆ ಉಳೀತಾನೆ ಅಂತ ಆರ್ಡರ್ ಆಯ್ತು. ಅವತ್ತು ಅವನು ಅತ್ತಿದ್ದು ನೋಡಿದ್ರೆ ಯಾರೂ ತಡ್ಕೊತಿರಲಿಲ್ಲ. ಇವತ್ತಿಗೂ ಫೋನ್ ಮಾಡಿದ್ರೆ ಮೊದಲು ಅದನ್ನೇ ಎತ್ತುತಾನೆ, "ನನ್ನ ಯುದ್ಧ ತಿಂದೋನು ನೀನು" ಅಂತಾನೆ. ಅರ್ಧ ತಮಾಷೆ, ಅರ್ಧ ನಿಜ.

ಮಾರನೇ ದಿನ ಸಾಬ್ ನನ್ನನ್ನ ಕರೆದು ಆ ಕುಸಿದ ಗುಂಡಿ ಮುಂದೆ ನಿಲ್ಲಿಸಿದ್ರು. ಬೈಲಿಲ್ಲ. ಅದೇ ಭಯ ಆಯ್ತು.

"ಮುನಿರಾಜು, ನೀನ್ ಸೋಮಾರಿ ಅಲ್ಲ. ನನಗ್ಗೊತ್ತು. ಮತ್ತ್ಯಾಕಡಾ ಮೆತ್ತನ್ ನೆಲ ಹುಡುಕ್ದೆ?"

"ಪಾಸ್ ಬೇಕಾಗಿತ್ತು ಸಾಬ್."

"ಪಾಸ್ ಯಾಕೆ? ಸಿನಿಮಾ ನೋಡಕ್ಕಾ?"

ನಾನು ತಡ್ಕೊಳ್ಳಕ್ಕಾಗದೆ ಎಲ್ಲಾ ಹೇಳ್ಬಿಟ್ಟೆ. ನೂಲಿನ ಸುಳ್ಳು, ಮಗ್ಗದ ಸ್ವಿಚ್ಚು, ಫಾರಂನಲ್ಲಿ ಬರೆಸಿದ ಹೆಸರು, ಎಲ್ಲಾ. ಅವರು ಬೆಟ್ಟದ ಕಡೆ ನೋಡ್ಕೊಂಡು ಕೇಳಿಸ್ಕೊಂಡ್ರು. ಮನೆ ಎಲ್ಲಿ, ಯಾವ ಬೀದಿ ಅಂತ ಕೇಳಿದ್ರು, ಹೇಳಿದೆ. ಆಮೇಲೆ ಗರಸು ನೆಲ ತೋರಿಸಿ, "ಮೂರ್ ದಿನ. ಒಬ್ನೇ ತೋಡು. ಮಣ್ಣು ಎರಡ್ ಅಡಿ ದೂರ ಹಾಕು. ಗಟ್ಟಿ ನೆಲ ಕೈ ನೋಯಿಸುತ್ತೆ, ಜೀವ ತೆಗೆಯಲ್ಲ" ಅಂದ್ರು. ಮೂರು ದಿನ ತೋಡಿದೆ. ಹಾರೆಯ ಏಟಿಗೆ ಹಲ್ಲು ಜುಮ್ ಅಂತಿತ್ತು. ಪಾಸಿನ ಮಾತು ಮತ್ತೆ ಬರಲಿಲ್ಲ, ನಾನೂ ಎತ್ತಲಿಲ್ಲ. ಯಾವ ಮುಖ ಇಟ್ಕೊಂಡು ಎತ್ತಲಿ? ಅಕ್ಕನ ಆಸೆ ಬಿಟ್ಟುಬಿಟ್ಟೆ.

ಹೊರಡಕ್ಕೆ ನಾಲ್ಕು ದಿನ ಇರುವಾಗ ಕೊನೇ ಉದ್ದ ನಡಿಗೆ. ಬೆನ್ನಮೇಲೆ ಇಪ್ಪತ್ತು ಕಿಲೋ, ಕೈಯಲ್ಲಿ ಬಂದೂಕು. ಒಂದೊಂದು ಪ್ಲಟೂನು ಒಂದೊಂದು ದಾರಿ ಹಿಡೀಬೇಕು, ದಾರಿ ಆರಿಸೋದು ಪ್ಲಟೂನಿನ ಯಜಮಾನರಿಗೆ ಬಿಟ್ಟಿದ್ದು. ಇಂಥ ನಡಿಗೆಗೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಐವತ್ತು ನಿಮಿಷ ನಡೀಬೇಕು, ಹತ್ತು ನಿಮಿಷ ಕೂರಬೇಕು. ಸೀಟಿ ಎಲ್ಲಿ ಬೀಳುತ್ತೋ ಅಲ್ಲೇ ಕೂರೋದು. ನೆರಳು ಎದುರಿಗೇ ಇದ್ರೂ ಹತ್ತು ಹೆಜ್ಜೆ ಮುಂದೆ ಹೋಗೋ ಹಂಗಿಲ್ಲ, ತಿಪ್ಪೆ ಪಕ್ಕ ಬಿದ್ರೆ ತಿಪ್ಪೆ ಪಕ್ಕವೇ. ಗಡಿಯಾರ ಹೇಳಿದ್ದೇ ಮಾತು, ಸುಬೇದಾರರೂ ಅದನ್ನ ಮುರಿಯೋ ಹಾಗಿಲ್ಲ.

ಬೆಳಕು ಹರಿಯೋ ಮುಂಚೆ ಹೊರಟ್ವಿ. ದೊಡ್ಡಬಳ್ಳಾಪುರದ ಕಡೆ ತಿರುಗಿದಾಗ ಬಿಟ್ಟಿದ್ದ ಆಸೆ ಮತ್ತೆ ಚಿಗುರ್ತು. ಊರೊಳಗೆ ಹಾದುಹೋದ್ರೆ ದೂರದಿಂದ ಬೀದಿಯಾದ್ರೂ ಕಾಣಬಹುದು ಅಂದ್ಕೊಂಡೆ. ಅವತ್ತು ಸಾಬ್ ನಡೆಸಿದ ನಡಿಗೆ ನಡಿಗೆಯಲ್ಲ. "ಕದಂ ಬಢಾವ್, ಕದಂ ಬಢಾವ್" ಅಂತ ಹಿಂದಿನಿಂದ ಒಂದೇ ಸಮ ಅಟ್ಟಿದ್ರು. ಮೂರನೇ ಸೀಟಿ ಹೊತ್ತಿಗೆ ನಾಲಿಗೆ ಹೊರಗೆ. ನಾಲ್ಕನೇದು ಒಂದು ರಾಗಿ ಹೊಲದ ಬದುವಿನಲ್ಲಿ ಬಿತ್ತು. ಪಕ್ಕದಲ್ಲಿ ಕೂತಿದ್ದ ಹಾಸನದ ಜವರೇಗೌಡನಿಗೆ, "ಇವರಿಗೇನ್ ಬಂತು ಗುರು ಇವತ್ತು? ಕೊಂದೇ ಹಾಕ್ತಾರೆ" ಅಂದೆ. ಅವನು ಬೂಟಿನ ದಾರ ಬಿಗಿ ಮಾಡ್ಕೊಳ್ತಾ ನನ್ನ ಮುಖ ನೋಡಿ ಸುಮ್ಮನೆ ನಕ್ಕ.

ಐದನೇ ಐವತ್ತು ನಿಮಿಷ ಕಾಲು ನೆಲ ಮುಟ್ತಿತ್ತೋ ಇಲ್ವೋ. ಊರು ಹೊಕ್ಕೆವು. ಎಡಕ್ಕೆ ತಿರುಗಿದ್ವಿ. ಮತ್ತೆ ಎಡಕ್ಕೆ. ಮಗ್ಗಗಳ ಕಟಕಟ ಸದ್ದು ಕಿವಿಗೆ ಬಿತ್ತು. ಅಕ್ಕನ ಬೀದಿ! ಸಾಬ್ ಕೈಗಡಿಯಾರ ನೋಡ್ಕೊಂಡೇ ನಡೀತಿದ್ರು. ನಮ್ಮ ಮಗ್ಗದ ಶೆಡ್ಡಿನ ನೀಲಿ ಬಾಗಿಲಿಗೆ ಮೂರು ಮನೆ ಇರುವಾಗ ಸೀಟಿ ಊದಿದ್ರು.

ಉಳಿದ ಮೂವತ್ಮೂರು ಜನ ಗೋಡೆಗೆ ಬೆನ್ನು ಕೊಟ್ಟು ಬೀದಿಯುದ್ದಕ್ಕೂ ಕುಸಿದು ಕೂತರು. ನಾನು ನಿಂತೇ ಇದ್ದೆ. "ಕೂರೋ" ಅಂದ್ರು ಸಾಬ್, ನನ್ನ ಕಡೆ ನೋಡದೇ. ಮಕ್ಕಳು ಓಡಿಬಂದ್ವು. ಒಂದೊಂದೇ ಮಗ್ಗ ನಿಂತು ಜನ ಹೊರಗೆ ಬಂದ್ರು. ಭಾವ ಬಂದು ನನ್ನ ಗುರುತು ಹಿಡಿದು "ಲೇ ರಾಜಾ!" ಅಂತ ಬಾಯಿ ಬಿಟ್ಕೊಂಡು ನಿಂತ. ಅವನ ಹಿಂದೆ ಅಕ್ಕ, ತಲೆ ತುಂಬ ನೂಲಿನ ಧೂಳು. ನನ್ನನ್ನ ನೋಡಿದಳು. ಪೂರ್ತಿ ನೋಡಿದಳು, ಬೂಟಿನಿಂದ ಟೋಪಿವರೆಗೂ. ತಿರುಗಿ ಒಳಗೆ ಹೋಗ್ಬಿಟ್ಟಳು.

ಆಯ್ತು, ಮುಗೀತು ಅಂದ್ಕೊಂಡೆ. ಒಂದು ನಿಮಿಷ ಆಯ್ತು, ಎರಡಾಯ್ತು. ಬಿಂದಿಗೆ ಸೊಂಟದ ಮೇಲೆ ಇಟ್ಕೊಂಡು, ಕೈಯಲ್ಲಿ ಲೋಟ ಹಿಡ್ಕೊಂಡು ಹೊರಗೆ ಬಂದಳು. ನನ್ನ ಹತ್ತಿರ ಬರಲಿಲ್ಲ. ಸಾಲಿನ ಆ ತುದಿಗೆ ಹೋಗಿ ಮೊದಲನೆಯವನಿಂದ ಶುರು ಮಾಡಿದಳು. ಒಬ್ಬೊಬ್ಬನಿಗೂ ಲೋಟ ತುಂಬಿ ಕೊಟ್ಟು, ಕುಡಿಯೋವರೆಗೂ ನಿಂತು, "ಯಾವೂರಪ್ಪ?" ಅಂತ ಕೇಳಿ, "ಅಮ್ಮ ಅವ್ಳಾ?" ಅಂತ ಕೇಳಿ, ಮುಂದಿನೋನಿಗೆ. ನಾನು ಕೊನೆಯಲ್ಲಿ ಕೂತಿದ್ದೆ. ನನ್ನ ಕಣ್ಣು ಸಾಬ್ ಕೈಗಡಿಯಾರದ ಮೇಲೆ. ಅರ್ಧ ಸಾಲಿನ ಹೊತ್ತಿಗೆ ಜವರೇಗೌಡ, "ನಂಗೆ ಬ್ಯಾಡ ಕಣಕ್ಕ, ಹೊಟ್ಟೆ ತುಂಬೈತೆ, ಮುಂದಕ್ಕೋಗು" ಅಂದ. ಅವನ ಪಕ್ಕದವನೂ ಬೇಡ ಅಂದ, ಆಮೇಲಿನವನೂ. ಅವರ ತುಟಿ ಒಣಗಿ ಬಿರಿದಿದ್ದು ನನಗೆ ಕಾಣ್ತಿತ್ತು.

ಅಕ್ಕ ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಾಗ ಇನ್ನು ಮೂರು ನಿಮಿಷ ಇದ್ದಿರಬೇಕು.

"ಹೇಳ್ದೆ ಹೋದೆಯಲ್ಲೋ" ಅಂದಳು.

"ಹೇಳಿದ್ರೆ ಬಿಡ್ತಿದ್ಯಾ ಅಕ್ಕ?"

"ಬಿಡ್ತಿರಲಿಲ್ಲ." ಲೋಟ ತುಂಬಿದಳು, ಅರ್ಧ ನನ್ನ ಬೂಟಿನ ಮೇಲೆ ಚೆಲ್ಲಿತು. "ಆದ್ರೂ ಹೇಳ್ಬೇಕಾಗಿತ್ತು. ಜಗಳ ಆಡಿಯಾದ್ರೂ ಕಳಿಸ್ತಿದ್ದೆ."

"ತಪ್ಪಾಯ್ತು ಅಕ್ಕ." ನಾಲ್ಕು ಕಾಗದದಲ್ಲಿ ಏನೇನೋ ಬರೆದಿದ್ದೆ, ಇದೊಂದು ಬರೆದಿರಲಿಲ್ಲ. ಇಬ್ಬರಿಗೂ ಅಳು ಬಂತು. ಅವಳು ಸೆರಗಿನಿಂದ ನನ್ನ ಮುಖದ ಬೆವರು ಒರೆಸೋ ನೆಪದಲ್ಲಿ ಗಟ್ಟಿಯಾಗಿ ಉಜ್ಜಿದಳು, ಚರ್ಮ ಕಿತ್ತು ಬರೋ ಹಂಗೆ.

ಸೀಟಿ. ಎಲ್ಲರೂ ಎದ್ದು ಚೀಲ ಏರಿಸ್ಕೊಂಡ್ರು. "ಹೋಗ್ಬರ್ತೀನಿ ಅಕ್ಕ" ಅಂದೆ. ಅವಳು "ಹೋಗ್ಬಾ" ಅನ್ನಲಿಲ್ಲ, ನೆಟ್ಟಗೆ ಸುಬೇದಾರರ ಮುಂದೆ ಹೋಗಿ ನಿಂತಳು.

"ಇವರನ್ನೆಲ್ಲ ಕರ್ಕೊಂಡು ಹೋಗ್ತಿರೋರು ನೀವೇನಣ್ಣ?"

"ನಾನೇ ತಾಯಿ."

"ಕರ್ಕೊಂಡು ಹೋದೋರೇ ತಂದು ಬಿಡ್ಬೇಕು. ಇವ್ನೇ ಬರ್ತಾನೆ ಅಂದ್ರೆ ನಾನು ನಂಬಲ್ಲ. ನೂಲು ತರ್ತೀನಿ ಅಂತ ಹೋದೋನು ಇವ್ನು."

ಎಲ್ಲರೂ ನಕ್ಕರು, ಸಾಬ್ ನಗಲಿಲ್ಲ. "ಕೈಲಾದ್ದು ಮಾಡ್ತೀನಿ ತಾಯಿ" ಅಂದ್ರು.

"ಕೈಲಾದ್ದು ಬೇಡ. ತಂದು ಬಿಡಿ."

ಅವರು "ಸರಿ" ಅಂದ್ರು. ಹೆಜ್ಜೆ ಹಾಕಿಸಿದ್ರು. ನಾವು ಹೊರಟ್ವಿ.

ಕ್ಯಾಂಪಿಗೆ ವಾಪಸ್ಸು ಬಂದ ಮೇಲೆ ಓಬುಳೇಸು, ಕೈಗೆ ಜೋಲಿ ಕಟ್ಕೊಂಡು ಕೂತಿದ್ದೋನು, ನನಗೆ ನಿಜ ಹೇಳಿದ. ಸಾಬ್ ಭಾನುವಾರ ಅಡುಗೆಯೋರ ಸೈಕಲ್ ತಗೊಂಡು ಹೋಗಿ ದಾರಿ ಪೂರ್ತಿ ಅಳೆದು ಬಂದಿದ್ರಂತೆ. ಮಾಮೂಲಿ ನಡಿಗೆಯಲ್ಲಿ ಐದನೇ ಸೀಟಿ ಊರಾಚೆಯೇ ಬಿದ್ದುಹೋಗುತ್ತೆ, ಆರನೇದಕ್ಕೆ ಊರು ದಾಟಿಬಿಟ್ಟಿರ್ತೀವಿ. ಅದಕ್ಕೆ ಹಿಂದಿನ ದಿನ ನನ್ನನ್ನ ಬೇಕಂತಲೇ ನೀರು ತರಕ್ಕೆ ಕಳಿಸಿ ಪ್ಲಟೂನನ್ನ ಕೇಳಿದ್ರಂತೆ: "ಆ ಹುಡುಗನ ಅಕ್ಕನ ಬಾಗಿಲಿಗೆ ಐದನೇ ಸೀಟಿ ಬೀಳ್ಬೇಕು. ಕಾಲು ಕಿತ್ತೋಗುತ್ತೆ. ಆಗುತ್ತಾ?" ಎಲ್ಲರೂ ಆಗುತ್ತೆ ಅಂದ್ರಂತೆ. ಅವತ್ತು ಸಂಜೆ ಪಾದ ನೋಡುವಾಗ ಬೊಬ್ಬೆ ಇಲ್ಲದ ಒಂದು ಕಾಲು ಆ ಸಾಲಿನಲ್ಲಿ ಇರಲಿಲ್ಲ. ಒಬ್ಬನೂ ನನ್ನ ಹತ್ತಿರ ಆ ವಿಷಯ ಎತ್ತಲಿಲ್ಲ.

ಯುದ್ಧದ ಬಗ್ಗೆ ಜಾಸ್ತಿ ಹೇಳಕ್ಕೆ ನನಗೆ ಇಷ್ಟ ಇಲ್ಲ. ಅಲ್ಲಿ ನೆಲ ಪೂರ್ತಿ ಕಲ್ಲು. ಅಂಗೈ ಬಿರಿದು ರಕ್ತ ಬಂದ್ರೂ ತೋಡಿದ್ವಿ, ಅದಕ್ಕೇ ಬಹಳ ಜನ ಉಳಿದ್ವಿ. ಸಿಡಿದ ಶೆಲ್ಲಿನ ಚೂರೊಂದು ನನ್ನ ತೊಡೆಗೆ ಹೊಕ್ಕು ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ್ದೆ. ರಜೆಗೆ ಬಿಟ್ಟಾಗ ಸ್ಟೇಷನ್ನಿನಲ್ಲಿ ಸಾಬ್ ಕಾಯ್ತಿದ್ರು, ಒಂದು ಟ್ರಂಕು ಹಿಡ್ಕೊಂಡು. "ನಾನೂ ಬರ್ತೀನಿ, ನಿನ್ನ ಬಿಡ್ಬೇಕಲ್ಲ" ಅಂದ್ರು.

ದೊಡ್ಡಬಳ್ಳಾಪುರದಲ್ಲಿ ಬಸ್ಸಿಳಿದು ನಾನು ಕುಂಟ್ಕೊಂಡು ಮುಂದೆ, ಅವರು ಹಿಂದೆ. ಅಕ್ಕ ಬಾಗಿಲಿಗೆ ಬಂದಳು. ಸಾಬ್ ಕಾಲು ಜೋಡಿಸಿ ನೆಟ್ಟಗೆ ನಿಂತು, "ನಿಮ್ಮ ತಮ್ಮ, ತಾಯಿ. ಒಪ್ಪಿಸ್ತಿದೀನಿ" ಅಂದ್ರು. ಅಕ್ಕ ನನ್ನ ಭುಜ, ಕೈ, ಕೆನ್ನೆ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅವರ ಕೈ ಹಿಡ್ಕೊಂಡು ಒಳಗೆ ಕರೆದು ಮಣೆ ಹಾಕಿದಳು. ಮುದ್ದೆ ಇಕ್ಕಿದಳು. ಅವರಿಗೆ ಎರಡು ತುತ್ತೂ ಇಳೀಲಿಲ್ಲ.

"ಯಾಕಣ್ಣ, ಸೇರಲಿಲ್ವಾ?" ಅಂದಳು. "ಬೇರೆ ಹುಡುಗ್ರೆಲ್ಲ ಮನೆ ಸೇರ್ಕೊಂಡ್ರಾ?"

ಸಾಬ್ ತಟ್ಟೆ ನೋಡ್ತಾ ಹೇಳಿದ್ರು. "ಇನ್ನು ಮೂರ್ ಮನೆಗೆ ಹೋಗ್ಬೇಕು ತಾಯಿ. ನೀವು ನೀರು ಕೊಟ್ಟ ಹುಡುಗ್ರೇ. ಈ ಟ್ರಂಕಲ್ಲಿ ಅವರ ಬಟ್ಟೆ, ಕಾಗದ ಇದೆ. ಮೊದಲು ಹಾಸನಕ್ಕೆ, ಜವರೇಗೌಡನ ಮನೆಗೆ. ಅಲ್ಲಿಗೆ ಬರಿಗೈಯಲ್ಲಿ ಹೋಗಕ್ಕೆ ಧೈರ್ಯ ಬರಲಿಲ್ಲ. ಅದಕ್ಕೆ ಒಬ್ಬನನ್ನಾದ್ರೂ ಒಂದು ಬಾಗಿಲಿಗೆ ಮುಟ್ಟಿಸಿ, ಆಮೇಲೆ ಹೋಗೋಣ ಅಂತ ಇಲ್ಲಿಗೆ ಬಂದೆ."

ಪಕ್ಕದ ಮನೆ ಮಗ್ಗ ಒಂದೇ ಓಡ್ತಿತ್ತು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ರೊಟ್ಟಿ ತಟ್ಟೋ ಸದ್ದು ಬಹಳ ಹೊತ್ತು ಬಂತು. ಹೊರಗೆ ಬಂದಾಗ ಕೈಯಲ್ಲಿ ದೊಡ್ಡ ಬುತ್ತಿ ಗಂಟು ಇತ್ತು. ಅದನ್ನ ತಂದು ಸಾಬ್ ಕೈಗೆ ಕೊಡಲಿಲ್ಲ, ನನ್ನ ಮಡಿಲಲ್ಲಿ ಇಟ್ಟಳು.

"ಅಂಥ ಮನೆಗಳಿಗೆ ಒಬ್ರೇ ಹೋಗ್ಬಾರ್ದು. ಏಳು, ನೀನೂ ಹೋಗು."

ನಾನು ಅವಳ ಮುಖ ನೋಡಿದೆ. ಯುದ್ಧ ಮುಗಿಸಿ ಮನೆ ಸೇರಿದೋನು, ಬಂದು ಒಂದು ಗಂಟೆಯೂ ಆಗಿರಲಿಲ್ಲ. "ಅಕ್ಕ, ಈಗ ತಾನೇ..." ಅಂದೆ.

"ಬಂದೆಯಲ್ಲ, ನೋಡಿದೆ, ಸಾಕು. ಆ ತಾಯಂದಿರ ಹತ್ರ ಕೂತ್ಕೊಂಡು, ಅವರ ಮಕ್ಕಳು ನಿನಗೋಸ್ಕರ ಹೆಂಗೆ ನಡೆದ್ರು ಅಂತ ಹೇಳು. ಅದನ್ನ ಹೇಳಕ್ಕೆ ನಿನ್ನ ಬಿಟ್ರೆ ಯಾರವ್ರೆ?" ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಬಾಗಿಲವರೆಗೂ ಬಂದು ಹೊಸಿಲ ಒಳಗೆ ನಿಂತಳು. "ಹೋಗ್ಬಾ, ರಾಜಾ" ಅಂದಳು.

ನಾನು ಟ್ರಂಕಿನ ಒಂದು ಹಿಡಿ ಹಿಡಿದೆ, ಸಾಬ್ ಇನ್ನೊಂದು ಹಿಡಿದ್ರು. ಇಬ್ಬರೂ ಹಾಸನದ ಬಸ್ಸು ಹಿಡಿಯೋಕೆ ಹೊರಟ್ವಿ.